ನೀಲಿ ಸ್ಕರ್ಟಿನ ಸೊಂಟ

ಶ್ರುತಿ, ನೀನು ಒಂಬತ್ತನೇ ಕ್ಲಾಸಲ್ಲಿ ಹಾಕ್ಕೋತಿದ್ದ ನೀಲಿ ಸ್ಕರ್ಟಿನ ಸೊಂಟ ಬಿಚ್ಚಿ ಅಗಲ ಮಾಡಿದ್ದು ನಾನು. ನಿನ್ನ ಅಜ್ಜಿ. ಆಮೇಲೆ ಅಳತೆ ತಗೊಳ್ಳಕ್ಕೆ ಮನೆಗೆ ಬಂದಿದ್ದ ಆ ಮೇಡಂ ಮುಂದೆ ಗೊತ್ತಿಲ್ಲ ಅಂತ ಸುಳ್ಳು ಹೇಳಿದ್ದೂ ನಾನೇ.

ಫೋನಲ್ಲಿ ಟೈಪ್ ಮಾಡೋದು ಈಗಷ್ಟೇ ಕಲ್ತಿದೀನಿ. ಒಂದು ಒತ್ತಕ್ಷರ ಹುಡುಕೋಷ್ಟರಲ್ಲಿ ಕಾಫಿ ಆರಿ ಹೋಗುತ್ತೆ. ಆದ್ರೂ ಬಾಯಲ್ಲಿ ಹೇಳಕ್ಕೆ ಹೋದ್ರೆ ನಡುವೆ ಏನೋ ತಮಾಷೆ ಮಾಡಿ ತಪ್ಪಿಸ್ಕೊಂಡ್ಬಿಡ್ತೀನಿ — ನನ್ನ ಬುದ್ಧಿ ನಂಗೆ ಗೊತ್ತಿಲ್ವಾ. ಅದಕ್ಕೇ ಇಲ್ಲಿ ಬರೀತಿದೀನಿ.

ಆಗ ಜಾಲಹಳ್ಳಿ ಕ್ವಾರ್ಟರ್ಸಲ್ಲಿ ಇದ್ವಿ. ನಿಮ್ಮಮ್ಮ ಡ್ಯೂಟಿಗೆ ಹೋದ್ಮೇಲೆ ಮನೇಲಿ ನೀನು, ನಾನು. ಸ್ಕೂಲ್ ಬಸ್ಸಲ್ಲಿ ಯಾವಳೋ ನಿನ್ನ "ವಾಟರ್ ಟ್ಯಾಂಕರ್" ಅಂದ್ಳಂತೆ. ಅವತ್ತಿಂದ ಊಟದ ಡಬ್ಬಿ ಹೋದ ಹಾಗೇ ವಾಪಸ್ ಬರ್ತಿತ್ತು. ಬೆಳಿಗ್ಗೆ ಸ್ಕರ್ಟ್ ಹುಕ್ಕು ಹಾಕೋವಾಗ ಉಸಿರು ಬಿಗಿ ಹಿಡ್ಕೊಂಡು ನಿಲ್ಲೋಳು ನೀನು. ಆ ಮುಖ ನೋಡಕ್ಕಾಗ್ತಿರ್ಲಿಲ್ಲ ಕಣೇ.

ಪೀಣ್ಯದ ಗಾರ್ಮೆಂಟ್ಸಲ್ಲಿ ಅರ್ಧ ಆಯಸ್ಸು ಮಿಷನ್ ಮುಂದೆ ಕೂತೋಳು ನಾನು, ಸುಮ್ನೆ ಇರ್ತೀನಾ? ಒಂದು ಭಾನುವಾರ ಮಧ್ಯಾಹ್ನ ನೀನು, ನಿಮ್ಮಮ್ಮ ಟಿವಿ ನೋಡ್ತಿದ್ರಿ. ಸೊಂಟದ ಪಟ್ಟಿ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆ ಹೊರಗೆ ತಂದು ಹೊಲಿದು, ಹಳೇ ಹೊಲಿಗೆ ತೂತು ಕಾಣದ ಹಾಗೆ ಇಸ್ತ್ರಿ ಎಳೆದೆ. ಸೋಮವಾರ ಹುಕ್ಕು ಸಲೀಸಾಗಿ ಕೂತ್ಕೊಂತು. "ಅಜ್ಜೀ, ನಾನು ಸಣ್ಣ ಆಗಿದೀನಿ ನೋಡು!" ಅಂತ ಕುಣಿದೆ ನೀನು. ಅವತ್ತು ಕೇಳಿ ಕೇಳಿ ಅನ್ನ ಹಾಕಿಸ್ಕೊಂಡೆ. ನಂಗೆ ಎಂಥಾ ಜಂಬ! ಸ್ವಲ್ಪ ದಿನ ಬಿಟ್ಟು ಇನ್ನೊಂದು ಚೂರು ಅಗಲ ಮಾಡ್ದೆ.

ಅಷ್ಟರಲ್ಲಿ ಆ ಮೇಡಂ ಬಂದ್ರು. ನೆನಪಿದ್ಯಾ — ಸೈಕಾಲಜಿ ಓದ್ತಿದ್ದೋರು. ಈ ವಯಸ್ಸಿನ ಮಕ್ಕಳು ತಮ್ಮ ಮೈನ ತಾವು ಹೇಗೆ ನೋಡ್ಕೋತಾರೆ ಅಂತ ಅವರ ರಿಸರ್ಚು. ಮೊದ್ಲೊಂದ್ಸಲ ಸ್ಕೂಲಲ್ಲಿ ನಿಮ್ಮೆಲ್ಲರ ಅಳತೆ ತಗೊಂಡಿದ್ರು, ಈ ಸಲ ಮನೆಗೇ ಬಂದ್ರು. ಸಣ್ಣ ಹುಡುಗಿಯಿಂದ ದಪ್ಪ ಹುಡುಗಿವರೆಗೆ ಚಿತ್ರ ಸಾಲಾಗಿಟ್ಟು, "ಇದ್ರಲ್ಲಿ ನೀನು ಯಾರ ಥರ ಇದೀಯ ಪುಟ್ಟಾ?" ಅಂದ್ರು. ಸ್ಕೂಲಲ್ಲೂ ಇದೇ ಚಿತ್ರ ಇಟ್ಟು ಕೇಳಿದ್ರಂತೆ; ಅಲ್ಲಿ ತೋರಿಸಿದ್ದಕ್ಕಿಂತ ಸಣ್ಣ ಹುಡುಗಿ ಮೇಲೆ ಬೆರಳಿಟ್ಟೆ ನೀನು. ಅವರು ಟೇಪ್ ಹಿಡಿದ್ರು. ಮೊದಲಿನ ಅಳತೆಗಿಂತ ಸೊಂಟ ಜಾಸ್ತೀನೇ ಆಗಿತ್ತು — ಬೆಳೆಯೋ ಹುಡುಗಿ, ಆಗದೆ ಇನ್ನೇನು.

ಪಾಪ, ಮೆತ್ತಗೇ ಹೇಳಿದ್ರು. "ಈ ವಯಸ್ಸಲ್ಲಿ ಕಣ್ಣು ಒಂದೊಂದ್ಸಲ ಮೋಸ ಮಾಡುತ್ತಮ್ಮಾ."

ನೀನು ನನ್ನ ಕಡೆ ತಿರುಗಿದೆ. "ಅಜ್ಜಿ, ಸ್ಕರ್ಟ್ ಲೂಸ್ ಆಗಿತ್ತಲ್ವಾ? ನೀನೂ ನೋಡಿದ್ಯಲ್ಲ, ಹೇಳು."

ನಾನು ಅಂದೆ — "ನಂಗೇನು ಗೊತ್ತಾಗುತ್ತೆ ಕಣೇ? ಓದಿರೋರು ಹೇಳ್ತಿದಾರೆ, ಇದ್ರೂ ಇರಬಹುದು."

ನಿಮ್ಮಮ್ಮ ಬೈತಾಳೆ ಅಂತ ಭಯ ಏನಿರ್ಲಿಲ್ಲ. ಕದ್ದು ಹೊಲಿದಿದ್ದು ಒಪ್ಕೊಂಡ್ರೆ, ಬಲು ಜಾಣೆ ಅನ್ನಿಸ್ಕೊಂಡೋಳು ಎಲ್ಲರ ಮುಂದೆ ಪೆದ್ದಿ ಆಗ್ಬೇಕಲ್ಲ ಅಂತ... ಅಷ್ಟೇ. ಅಷ್ಟಕ್ಕೇ ನಿನ್ನ ಬಿಟ್ಟುಕೊಟ್ಟೆ.

ಅವತ್ತಿಂದ ನೀನು ನಿನ್ನ ಕಣ್ಣನ್ನ ನಂಬ್ಲೇ ಇಲ್ಲ. ಕನ್ನಡಿ ಮುಂದೆ ನಿಂತ್ಕೊಂಡು ಪಕ್ಕದೋರನ್ನ ಕೇಳ್ತೀಯ. ಎಲೆಕ್ಟ್ರಾನಿಕ್ ಸಿಟೀಲಿ ನಿನ್ನ ಕೈ ಕೆಳಗೆ ಅಷ್ಟು ಜನ ಕೆಲಸ ಮಾಡ್ತಾರೆ, ಬಟ್ಟೆ ಮಾತ್ರ ಬೇರೆಯೋರು ಸರಿ ಅನ್ನಬೇಕು ನಿಂಗೆ. ಮೊನ್ನೆ ಟ್ರಯಲ್ ರೂಮಿಂದ ಫೋಟೋ ಕಳಿಸಿ ಬರೆದಿದ್ಯಲ್ಲ — "ಅಜ್ಜಿ, ಇದು ಬಿಗಿ ಇದ್ಯಾ? ನನ್ನ ಕಣ್ಣು ಸರಿ ಇಲ್ಲ, ನಿಂಗೆ ಗೊತ್ತಲ್ಲ."

ಗೊತ್ತು. ನಂಗೊಬ್ಳಿಗೇ ಗೊತ್ತು.

ಅವತ್ತು ಸ್ಕರ್ಟು ನಿಜವಾಗ್ಲೂ ಲೂಸ್ ಆಗಿತ್ತು ಶ್ರುತಿ. ನೀನು ನೋಡಿದ್ದು ನಿಜ. ಮೇಡಂ ಅಳೆದಿದ್ದೂ ನಿಜ. ಆ ಮನೇಲಿ ಸುಳ್ಳು ಅಂತ ಇದ್ದಿದ್ದು, ದಿವಾನ್ ಮೇಲೆ ಕೂತ್ಕೊಂಡು ಕಾಫಿ ಹೀರ್ತಿದ್ದ ನಾನೊಬ್ಳು.

ಬೈಯಬೇಕು ಅನ್ಸಿದ್ರೆ ಫೋನ್ ಮಾಡು, ಎತ್ತುತ್ತೀನಿ. ಆ ಫೋಟೋಗೆ ಮಾತ್ರ ನಾನು ಉತ್ತರ ಕೊಡಲ್ಲ — ಬಿಗಿನೋ ಸಡಿಲಾನೋ, ನೀನೇ ನೋಡ್ಕೊಂಡು ನಂಗೆ ಹೇಳು.

ಕಳಿಸಿದ ಮೆಸೇಜ್ ಅಳಿಸೋದು ಹೇಗೆ ಅಂತಾನೂ ಪಕ್ಕದ ಮನೆಯೋಳು ಹೇಳ್ಕೊಟ್ಟಿದಾಳೆ. ಇದನ್ನ ಅಳಿಸಲ್ಲ.