ಮೋಟಾರು ಶೆಡ್ಡಿನ ಕಂಬಳಿ

ಕೂಪನ್ನಿದ್ದರೆ ಪೆಟ್ರೋಲು ಹೇಗೋ ಸಿಗುತ್ತದೆ. ಕ್ವಿನೈನಿಗೆ ಅಂಗಡಿಯವನು ಕೇಳಿದಷ್ಟು ಕೊಡಬೇಕು. ಸೊಳ್ಳೆ ಸಾಯಲೆಂದು ನಿಂತ ನೀರಿಗೆ ಸುರಿಯೋಣವೆಂದರೆ ಸೀಮೆಎಣ್ಣೆ ದೀಪಕ್ಕೇ ಸಾಲದು. ಹೊಸ ಕಂಬಳಿಗೆ ಯುದ್ಧದ ಮುಂಚಿನ ಎರಡರಷ್ಟು ಬೆಲೆ. ಇದೆಲ್ಲ ಗೊತ್ತಿದ್ದೇ ಆದೆಮ್ಮ ತನ್ನ ಮನೆಯ ಒಂದೇ ಒಳ್ಳೆಯ ಕಂಬಳಿಯನ್ನು ನೀರಿಗೆ ಹಾಕಿದ್ದಾಳೆ.

ರಾಯಚೂರಿನ ವಕೀಲ ಪ್ರಾಣೇಶರಾಯರ ಮೋಟಾರು ಶೆಡ್ಡಿಗೆ ಇನ್ನೂ ಬೆಳಗಿನ ಬೆಳಕು ಬಂದಿಲ್ಲ. ಮಳೆನೀರು ಮೀನಖಂಡದವರೆಗೆ ನಿಂತಿದೆ. ರಾಯರ ಮನೆಗೆಲಸ ಮಾಡಿಕೊಂಡು ಶೆಡ್ಡಿನ ಹಿಂದಿನ ಕೋಣೆಯಲ್ಲಿರುವ ಆದೆಮ್ಮ ತಂಬಿಗೆಯಿಂದ ಮೊಗೆದು ಕೊಡಕ್ಕೆ ತುಂಬುತ್ತಾಳೆ, ಹೊರಗೆ ಚೆಲ್ಲುತ್ತಾಳೆ, ಮತ್ತೆ ಓಡಿಬರುತ್ತಾಳೆ. ಕೊನೆಗೆ ಕಂಬಳಿ ಹಾಸಿ ಅದರ ಮೇಲೆ ಕಾಲೂರಿ ತುಳಿಯುತ್ತಾಳೆ. ಕಲ್ಲುಸಂದಿಯ ನೀರು ಕಸಬರಿಗೆಗೆ ಬಗ್ಗುವುದಿಲ್ಲ, ಉಣ್ಣೆ ಹೀರಿಕೊಳ್ಳುತ್ತದೆ.

ಈ ಶೆಡ್ಡಿನ ನೆಲ ತಗ್ಗಾಗಿದ್ದು ಯುದ್ಧದ ಕಾಲದಲ್ಲಿ. ಪೆಟ್ರೋಲು ಸಿಗದೆ ರಾಯರು ಮೋಟಾರಿಗೆ ಇದ್ದಿಲ ಗ್ಯಾಸಿನ ಡಬ್ಬಿ ಕಟ್ಟಿಸಿದರು; ಅದು ಬಾಗಿಲ ಮೇಲಿನ ಕಲ್ಲಿಗೆ ತಾಗಿತು. ಕಲ್ಲಿನಲ್ಲಿ ದೇವರ ನಾಮದ ಗುರುತು ಕೆತ್ತಿದೆ. ಅದಕ್ಕೆ ಉಳಿ ಮುಟ್ಟಿಸಲು ರಾಯರ ತಾಯಿ ವೆಂಕೂಬಾಯಿ ಬಿಡಲಿಲ್ಲ. ಹಾಗಾಗಿ ನೆಲ ಅಗೆಸಿದರು. ಅಂದಿನಿಂದ ಅಂಗಳದ ನೀರೆಲ್ಲ ಒಳಗೇ. ಮೋಟಾರು ಈಗ ಇಟ್ಟಿಗೆಯ ಮೇಲೆ ನಿಂತಿದೆ. ನೀರು ಬಿಸಿಲಿಗೆ ತಾನೇ ಆರುತ್ತದೆ, ಬಿಡು ಎನ್ನುತ್ತಾರೆ ರಾಯರು.

"ಮೋಟಾರಕ್ಕ ಚಳಿಜ್ವರ ಬರಂಗಿಲ್ರಿ ಯಪ್ಪಾ. ಗ್ವಾಡಿ ಹಿಂದ ನನ್ನ ಮಗಳು ಮಲಗತಾಳ" ಎನ್ನುತ್ತಾಳೆ ಆದೆಮ್ಮ.

ಮಗಳು ಬೂದೆಮ್ಮ ಏಳು ತಿಂಗಳ ಬಸುರಿ, ಗಂಡನ ಊರು ಯಾಪಲದಿನ್ನಿಯಿಂದ ತವರಿಗೆ ಬಂದಿದ್ದಾಳೆ. ಹೋದ ಮಳೆಗಾಲ ಇದೇ ಕೋಣೆಯಲ್ಲಿ ಜ್ವರ ಬಂದು ಗರ್ಭ ಹೋಯಿತು. ಆಗಿನಿಂದ ಆದೆಮ್ಮನಿಗೆ ಕೂತಲ್ಲಿ ಕೂರಲಾಗದು. ಕೆಲಸದ ಮೇಲೆ ರಾಯರ ಮನೆಗೆ ಹೋಗುವ ನನ್ನೊಡನೆ ಮಾತಾಡುವಾಗಲೂ ಕಣ್ಣು ಗೋಡೆಯ ಕಡೆಗೇ. ಮೋಡ ಕಟ್ಟಿದರೆ ಅರ್ಧ ಮಾತಿಗೇ ಎದ್ದು ಹೋಗುತ್ತಾಳೆ.

ಆದೆಮ್ಮನ ಗಂಡ ಪರಮಣ್ಣ ಕುರಿ ಕಾಯುವವನು. ಹಬ್ಬದಲ್ಲಿ ಮನೆದೇವರು ಬೀರಪ್ಪನ ಗದ್ದುಗೆಗೆ ಹಾಸುತ್ತಿದ್ದ ಕಂಬಳಿ ಅದು. ಅವನ ಸಿಟ್ಟು ಇಳಿದಿಲ್ಲ.

"ಬೀರಪ್ಪ ಕೂಡೋ ಕಂಬಳಿ ಬೇ ಅದು. ರಾಡಿ ಬಳಿಯಾಕ ಹತ್ತೀಯಲ್ಲ."

"ಬೀರಪ್ಪಗ ಮುಂದ ಬ್ಯಾರೇದು ಹಾಸೂಣು. ಮಗಳನ್ನ ಎಲ್ಲಿಂದ ತರೂಣು?"

ಮರುದಿನ ಪರಮಣ್ಣ ಕಂಬಳಿಯ ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದ.

ದೀಪಾವಳಿಗೆ ಮುಂಚೆ ನಾನು ಮತ್ತೆ ಹೋದೆ. ಬೂದೆಮ್ಮ ಹೆಣ್ಣು ಹೆತ್ತಿದ್ದಾಳೆ. ಈ ವರ್ಷ ಜ್ವರ ಬರಲಿಲ್ಲ. ಕಂಬಳಿಯಿಂದಲೇ ಎಂದು ಯಾರೂ ಆಣೆ ಮಾಡಲಾರರು. ಹಬ್ಬಕ್ಕೆ ಪರಮಣ್ಣ ಅಣ್ಣನ ಮನೆಯ ಕಂಬಳಿ ಎರವು ತಂದಿದ್ದಾನೆ, ಇವರದು ಕೊಳೆತು ಹರಿದಿದೆ.

ಕಂಬಳಿ ಹೋಯಿತು. ಕೂಸು ಉಳಿಯಿತು.