ಅಣ್ಣನ ಎಡಗಡೆ

ಕಳೆದ ಶ್ರಾವಣದ ಒಂದು ಸೋಮವಾರ, ಮಧ್ಯಾಹ್ನದ ಊಟವಾದ ಮೇಲೆ, ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಅಣ್ಣ ನಡೆಸುವ ಸ್ನೂಕರ್ ಕೋಣೆಯಲ್ಲಿ ನಾನು ನಿಂತಿದ್ದೆ. ಆಡಲು ಬಾಗಿದ್ದ ಅಣ್ಣನ ಎಡಕ್ಕೆ, ಟೇಬಲ್ಲಿನ ಮೂಲೆಯಲ್ಲಿ. ಹಸಿರು ಚೆಂಡು ನನ್ನ ಕೈಗೆಟಕುವಂತಿತ್ತು.

ಅಣ್ಣ ಬಸವರಾಜ ಒಂದು ಕಾಲದ ರಾಜ್ಯ ಚಾಂಪಿಯನ್. ಫೈನಲ್ಲಿನಲ್ಲಿ ತನ್ನ ತೋಳು ಚೆಂಡಿಗೆ ತಾಗಿದ್ದನ್ನು ರೆಫರಿ ಕಾಣದಿದ್ದರೂ ತಾನೇ ಫೌಲ್ ಎಂದು ಹೇಳಿ ಸರಿದು ನಿಂತವನು. ಅಂದು ಅವನಿಗೆ ಎದುರಾಳಿ ತಿಕೋಟಾದ ದ್ರಾಕ್ಷಿ ಬೆಳೆಗಾರ ಮಲ್ಲಣ್ಣ. ಶ್ರಾವಣದ ಆ ಸೋಮವಾರವೂ ಅವನೇ.

ಅಣ್ಣ ಬಾಗಿದವನು ಎದ್ದ.

"ಹಸರು ಚೆಂಡು ಯಾಂವ ತಗೊಂಡಾನ?"

"ಅಲ್ಲೇ ಐತಲ್ಲೋ ಚಾಂಪಿಯನ್," ಮಲ್ಲಣ್ಣ ನಕ್ಕ. "ಸೋಲಾಕತ್ತಿದಿ ಅಂತ ಚೆಂಡು ಕಳದಾವಂತೀ ಏನಲೇ?"

ಅಣ್ಣ ಆಡುವ ಕ್ಯೂ ಕೋಲನ್ನು ತಿರುಗಿಸಿ ಹಿಡಿದ.

ಅದರ ದಪ್ಪ ತುದಿ ಮಲ್ಲಣ್ಣನ ಹುಬ್ಬನ್ನು ಸೀಳಿತು. ಟೇಬಲ್ಲಿನ ಬಟ್ಟೆಯ ಮೇಲೆ ರಕ್ತ. ಬಿದ್ದವನಿಗೆ ಮತ್ತೆ ಬಾರಿಸಿದ. "ಕಳ್ಳ ನನ ಮಗನ!" ಚಹಾ ತರುತ್ತಿದ್ದ ವೈನಿ, ಅಣ್ಣನ ಹೆಂಡತಿ ಶಿವಲೀಲಾ, ಓಡಿ ಬಂದು ಎಡಗಡೆಯಿಂದ ಅವನ ತೋಳು ಹಿಡಿದರು. ತಿರುಗದೆಯೇ ಬೀಸಿದ. ವೈನಿಯ ಮುಂಗೈ ಮುರಿದ ಸದ್ದು ನನಗೆ ಕೇಳಿಸಿತು. ಹಿಂದಿನಿಂದ ತಬ್ಬಿ ಅವನನ್ನು ಕೆಡವಿದೆ; ನನ್ನ ಕೈಗೆ ಹಲ್ಲು ಇಳಿಸಿದ. ಆಮೇಲೆ ಅವನ ಮೈ ಸೆಟೆದು ನಡುಗತೊಡಗಿತು.

ಫಿಟ್ಸ್.

ಆಸ್ಪತ್ರೆಯಲ್ಲಿ ಬೆಡ್ಡಿಗೆ ಕಟ್ಟಿದರು. ಕಟ್ಟು ಕಿತ್ತು ನರ್ಸಿನ ಕುತ್ತಿಗೆಗೆ ಕೈ ಹಾಕಿದ. ಬಬಲೇಶ್ವರದಿಂದ ಬಂದ ವೈನಿಯ ಅಣ್ಣ ಬಾಗಿಲಲ್ಲೇ ನಿಂತು ಹೇಳಿದರು: "ತಂಗೀನ ಕರ್ಕೊಂಡು ಹೊಂಟೀನ್ರಿ. ಇಂವನ ಕೈಯಾಗ ಸಾಯಾಕ ಬಿಡೂದಿಲ್ಲ. ತಿರುಗಿ ಕಳಸೂದೂ ಇಲ್ಲ."

"ಅವರು ನನ್ನ ನೋಡೇ ಇಲ್ಲೋ ಯಣ್ಣಾ," ಎಂದರು ವೈನಿ.

ಗಂಡನನ್ನು ಕಾಯುವ ಮಾತು ಎಂದುಕೊಂಡೆವು. ಡಾಕ್ಟರು ಮಾತ್ರ ಹೊರಟವರು ನಿಂತರು.

"ಎಡಗಡೆಯಿಂದ ಹೋಗಿದ್ರೇನ್ರಿ? ಮೊದಲೂ ಹಿಂಗ ಎಡಕ್ಕಿದ್ದದ್ದು ಅವರಿಗೆ ಕಾಣ್ತಿರಲಿಲ್ಲೇನು?"

ವೈನಿ ಯೋಚಿಸಿದರು. "ಉಣ್ಣಾಕ ಕುಂತ್ರ ಪಲ್ಲೆ ನೀಡಿಲ್ಲ ಅಂತ ತಾಟು ಒಗೀತಿದ್ರು. ಪಲ್ಲೆ ತಾಟಿನಾಗ ಎಡಕ್ಕ ಇರ್ತಿತ್ತು."

ಎಂಆರ್‌ಐ ಮಾಡಿದರು. ಮೆದುಳಿನ ಬಲಭಾಗದಲ್ಲಿ ಟ್ಯೂಮರ್. ಎರಡೂ ಕಣ್ಣುಗಳಿಗೆ ಎಡಗಡೆಯ ಅರ್ಧ ಇಲ್ಲವಾಗಿತ್ತು. ಸಂಶಯ, ಸಿಟ್ಟು ಕೂಡ ಆ ಗಡ್ಡೆಯವೇ ಇರಬಹುದು ಎಂದರು ಡಾಕ್ಟರು. ತಿಂಗಳುಗಟ್ಟಲೆ ನಾವು ಅದನ್ನು ಸೋಲು ತಾಳದ ಚಾಂಪಿಯನ್ನನ ಗರ್ವ ಎಂದು ತಿಳಿದಿದ್ದೆವು. ತನ್ನ ಫೌಲನ್ನು ತಾನೇ ಹೇಳಿದ್ದವನು ಆಗಲೂ ಕಂಡದ್ದನ್ನು ಕಂಡಂತೆಯೇ ಹೇಳುತ್ತಿದ್ದ. ಅವನ ಪಾಲಿಗೆ ಆ ಚೆಂಡು ಅಲ್ಲಿರಲಿಲ್ಲ.

ತಲೆಬುರುಡೆ ಕೊರೆದು ಗಡ್ಡೆ ತೆಗೆದರು. ಬಯಾಪ್ಸಿ ಸದ್ಯಕ್ಕೆ ಧೈರ್ಯ ಕೊಟ್ಟಿದೆ. ಸಿಟ್ಟು ಇಳಿದಿದೆ. ಎಡಗಡೆ ಮರಳಲಿಲ್ಲ. ಅಂದಿನದು ಅವನಿಗೆ ನೆನಪಿಲ್ಲ. ನಾವು ಹೇಳಿದಾಗ ಗೋಡೆಗೆ ಹಣೆ ಚಚ್ಚಿಕೊಂಡ.

ವೈನಿ ಮೊನ್ನೆ ಬಬಲೇಶ್ವರದಿಂದ ಬಂದರು. ಅಣ್ಣ ಕಿಟಕಿಯ ಬಳಿ ಕುಳಿತಿದ್ದ. ಅವರು ನೇರವಾಗಿ ಅವನ ಎಡಕ್ಕೆ ಹೋಗಿ ನಿಂತರು. ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಈ ಕಡೆ ಅದೀನ್ರಿ."

ಅವನು ಕುತ್ತಿಗೆ ತಿರುಗಿಸಿದ. ಅವರು ಕಾಣುವವರೆಗೂ ತಿರುಗಿಸಿದ.

"ಯಾವಾಗ ಬಂದಿ?"

"ಈಗ ಬಂದೇನ್ರಿ," ಎಂದು ವೈನಿ ಅಲ್ಲೇ ಕುಳಿತರು.

ಅಂದು ಆ ಕೋಣೆಯಲ್ಲಿ ನಡೆದದ್ದನ್ನು ನೋಡಿದವರು ಎಲ್ಲರೂ ಇದ್ದೇವೆ: ಹುಬ್ಬಿನ ಮೇಲೆ ಹೊಲಿಗೆಯ ಗುರುತಿರುವ ತಿಕೋಟಾದ ಮಲ್ಲಣ್ಣ, ಮುಂಗೈ ಇನ್ನೂ ಪೂರ್ತಿ ಬಾಗದ ವೈನಿ, ನಾನು. ಅಣ್ಣನೂ ಬದುಕಿದ್ದಾನೆ.

ಅವನು ನೋಡಿರಲಿಲ್ಲ.