ಅಣ್ಣನ ಜೀಪಿಗೆ ಐವತ್ತು ನಂಬರಿನ ಎಣ್ಣೆ

೧೯೭೪ರ ಖಂಡೆನವಮಿಯ ಹಿಂದಿನ ದಿನ ನಾನು ಹುಮನಾಬಾದಿನ ಹೆದ್ದಾರಿ ಪಕ್ಕದ ನನ್ನ ಗ್ಯಾರೇಜಿನಲ್ಲಿದ್ದೆ. ಹಬ್ಬದ ಆಯುಧಪೂಜೆಗೆ ಮೊದಲು ಗಾಡಿಗೆ ಹೊಸ ಎಣ್ಣೆ ಬೀಳಬೇಕೆಂಬುದು ನಮ್ಮ ಕಡೆಯ ಚಾಲಕರ ರೂಢಿ. ಬೆಳಿಗ್ಗೆಯಿಂದಲೇ ಲಾರಿಗಳು ಸಾಲುಗಟ್ಟಿ ನಿಂತಿದ್ದವು.

ಮಧ್ಯಾಹ್ನ ನನ್ನ ಅಣ್ಣ ಮಾಣಿಕಪ್ಪ ಬಸವಕಲ್ಯಾಣದಿಂದ ಜೀಪು ತುಂಬ ಜನರನ್ನು ಕರೆತಂದ. ಅದು ಸೈನ್ಯದವರು ಹರಾಜು ಹಾಕಿದ್ದ ಹಳೆಯ ಪೆಟ್ರೋಲ್ ಜೀಪು. ಮೋರಖಂಡಿಯ ನಮ್ಮ ಮನೆಯಿಂದ ಅವನು ದಿನವೂ ಹೊರಟು ಬಸವಕಲ್ಯಾಣ ಹುಮನಾಬಾದುಗಳ ನಡುವೆ ಅದನ್ನೇ ಓಡಿಸುತ್ತಿದ್ದ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಬೇರೆ ಕೆಲಸವೂ ಬರುತ್ತಿರಲಿಲ್ಲ.

ನಾರಾಯಣಪುರದ ಒಬ್ಬ ಮುದುಕಿ ಇಳಿಯುತ್ತಾ, "ಮಾಣಿಕಾ, ಇದು ಜೀಪೋ, ದಮ್ಮಿನ ಮುದುಕನೋ? ದಾರಿತುಂಬಾ ಕೆಮ್ಮಾಕತ್ತದಲ್ಲ" ಎಂದಳು.

"ಮುದುಕ ಖರೆ ಆಯಿ. ಆದ್ರ ನಿನ್ನಷ್ಟು ವಟವಟ ಅನ್ನಂಗಿಲ್ಲ" ಎಂದ ಅಣ್ಣ.

ನಾನು ಪಕ್ಕದಿಂದ ಒಳಗೆ ಬಾಗಿ ಎಣ್ಣೆ ಮೀಟರ್ ನೋಡಿದೆ. ಇಂಜಿನ್ ಒಳಗೆ ಎಣ್ಣೆಯ ಒತ್ತಡ ಎಷ್ಟಿದೆ ಎಂದು ತೋರಿಸುವ ಮುಳ್ಳು ಅದು. ಎಂದಿನ ಜಾಗದಲ್ಲೇ ಸಣ್ಣಗೆ ನಡುಗುತ್ತಾ ನಿಂತಿತ್ತು.

ಇಲ್ಲಿ ಎಣ್ಣೆಯ ನಂಬರಿನ ವಿಷಯ ಹೇಳಬೇಕು. ನಂಬರು ಹೆಚ್ಚಾದಷ್ಟೂ ಎಣ್ಣೆ ಮಂದ. ಹೊಸ ಇಂಜಿನ್ನಿನಲ್ಲಿ ಲೋಹಗಳ ನಡುವಿನ ಸಂದು ಕೂದಲೆಳೆಯಷ್ಟು. ಅದಕ್ಕೆ ತೆಳುವಾದ ಮೂವತ್ತು ನಂಬರು ಸಾಕು. ಇಂಜಿನ್ ಸವೆದಂತೆ ಸಂದು ದೊಡ್ಡದಾಗುತ್ತದೆ. ತೆಳು ಎಣ್ಣೆ ಬಿಸಿಯಾದ ಮೇಲೆ ಅಲ್ಲಿ ನಿಲ್ಲದೆ ಸೋರಿಹೋಗುತ್ತದೆ, ಒತ್ತಡ ಬೀಳುತ್ತದೆ. ಅಣ್ಣನ ಜೀಪಿನ ಕ್ರ್ಯಾಂಕನ್ನು, ಅಂದರೆ ಇಂಜಿನ್ ಒಳಗೆ ತಿರುಗುವ ದಂಡವನ್ನು, ಹಿಂದೆಯೇ ಕೊನೆಯ ಅಳತೆಯವರೆಗೆ ಸಾಣೆ ಹಿಡಿಸಿದ್ದೆ. ಇನ್ನು ಹಿಡಿಸಲು ಲೋಹ ಉಳಿದಿರಲಿಲ್ಲ. ಹಾಗಾಗಿ ಚಳಿಗಾಲದಲ್ಲಿ ನಲವತ್ತು, ಉಳಿದ ಕಾಲದಲ್ಲಿ ಐವತ್ತು ಹಾಕಿ ಕಾಲ ತಳ್ಳುತ್ತಿದ್ದೆ. ನಂಬರಿನ ಲೆಕ್ಕ ಅಣ್ಣನಿಗೆ ಗೊತ್ತಿರಲಿಲ್ಲ. ಆ ಇಂಜಿನ್ ನಿಂತಿದ್ದೇ ಆ ಮಂದ ಎಣ್ಣೆಯ ಮೇಲೆ.

"ತಡಿ ಅಣ್ಣಾ, ಮೊದಲ ನಿಂದೇ ಮಾಡ್ತೀನಿ" ಎಂದೆ.

ಅವನು ಲಾರಿಗಳ ಸಾಲು ನೋಡಿದ. "ಮನಿದು ಕಡೀಕ, ಬಾಬು. ಅವ್ರು ಮುಂಜಾನಿಯಿಂದ ನಿಂತಾರ. ನಾ ನಡುವ ತೂರಿದ್ರ ಏನಂದಾರು?"

ಅದು ನಮ್ಮ ಅಪ್ಪನಿಂದ ಬಂದ ಶಿಸ್ತು. ಪಂಕ್ತಿಯಲ್ಲಿ ಮನೆಯವರು ಕೊನೆಗೆ ಕೂರುವ ಹಾಗೆ ಗ್ಯಾರೇಜಿನಲ್ಲೂ ಮನೆಯ ಗಾಡಿ ಕೊನೆಗೆ. ಅಣ್ಣ ಚಹಾ ಕುಡಿದು, ಜನರನ್ನು ಹತ್ತಿಸಿಕೊಂಡು ತಿರುಗಿ ಹೋದ.

ಮರುದಿನ ಪೂಜೆಗೆ ಮೊದಲು ಬಸವಕಲ್ಯಾಣದಲ್ಲೇ ಒಂದು ದುಕಾನಿನಲ್ಲಿ ಅವನು ಎಣ್ಣೆ ಬದಲಿಸಿದ. ಹಬ್ಬದ ದಿನ ಗಾಡಿಗೆ ಇದ್ದುದರಲ್ಲಿ ಒಳ್ಳೆಯದನ್ನೇ ಹಾಕಬೇಕೆಂದು ಕೇಳಿದ್ದಾನೆ. ಅವರು ಹೊಸ ಗಾಡಿಗಳಿಗೆ ಹಾಕುವ ಮೂವತ್ತು ನಂಬರಿನ ಡಬ್ಬಿ ಒಡೆದು ಕೊಟ್ಟಿದ್ದಾರೆ. ಆಮೇಲೆ ಪೂಜೆ. ಬಾನೆಟ್ಟಿಗೆ ಚೆಂಡುಹೂವಿನ ಹಾರ, ಸ್ಟಿಯರಿಂಗಿಗೆ ಕುಂಕುಮ, ಮೀಟರುಗಳ ಗಾಜಿಗೆ ಮೂರು ಬೆರಳಿನ ದಪ್ಪ ವಿಭೂತಿ. ಪ್ರತಿ ವರ್ಷ ಹಾಗೇ ಬಳಿಯುತ್ತಿದ್ದ, ಎರಡು ಮೂರು ದಿನ ಒರೆಸುತ್ತಿರಲಿಲ್ಲ. ಐವತ್ತು ನಂಬರು ಒಳಗಿರುವವರೆಗೆ ಅದರಿಂದ ಏನೂ ಆಗಿರಲಿಲ್ಲ.

ಪೂಜೆ ಮುಗಿಸಿ ಹುಮನಾಬಾದಿಗೆ ಹೊರಟಾಗ ಬಿಸಿಲು, ಜೀಪು ತುಂಬ ಜನ. ಮುಳ್ಳು ವಿಭೂತಿಯ ಹಿಂದೆ ಕೆಳಗಿಳಿಯಿತು. ಹಬ್ಬದ ಗದ್ದಲದಲ್ಲಿ ಇಂಜಿನ್ ಬಡಿದ ಸದ್ದೂ ಅವನಿಗೆ ತಡವಾಗಿ ಕೇಳಿಸಿತು. ಹುಮನಾಬಾದ್ ಇನ್ನೇನು ಬಂತು ಎನ್ನುವಾಗ ಜೀಪು ನಿಂತಿತು. ಎತ್ತುಗಳನ್ನು ಕಟ್ಟಿ ಎಳೆಸಿಕೊಂಡು ಬಂದ. ಹಾರ ಇನ್ನೂ ಬಾಡಿರಲಿಲ್ಲ.

ಅಡಿಯ ಬೋಲ್ಟು ಬಿಚ್ಚಿದೆ. ನೀರಿನ ಹಾಗೆ ಎಣ್ಣೆ ಇಳಿಯಿತು, ಅದರಲ್ಲಿ ಬೇರಿಂಗಿನ ಚೂರುಗಳು ಮಿನುಗುತ್ತಿದ್ದವು.

"ಯಾವ ನಂಬರ್ ಹಾಕ್ಸಿದಿ ಅಣ್ಣಾ?"

"ಹೊಸಾದು. ಛಲೋದೇ ಹಾಕ್ಸೀನಿ. ಯಾಕ?"

ನಾನು ಎಣ್ಣೆಯಲ್ಲಿದ್ದ ಒಂದು ಚೂರನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಜೀಪಿನ ಅಡಿಯಲ್ಲೇ ಮಲಗಿದ್ದೆ. ಇಂಜಿನ್ನಿನ ರಾಡು ಮುರಿದು, ಎರಕದ ಮೈಯಾದ ಬ್ಲಾಕಿನ ಗೋಡೆ ಒಡೆದು ಹೊರಗೆ ಬಂದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನ ಕಾಲುಗಳು ಸರಿದು ಹೋಗುವುದು ಕಾಣಿಸಿತು.

ಹೈದರಾಬಾದಿನ ಗುಜರಿಗಳನ್ನು ಸುತ್ತಿದೆ. ಆ ಮಾದರಿಯ ಸರಿಯಾದ ಬ್ಲಾಕ್ ಸಿಗಲಿಲ್ಲ. ಸಿಕ್ಕ ಒಂದು ನಮ್ಮದಕ್ಕಿಂತ ಹೆಚ್ಚು ಒಡೆದಿತ್ತು. ಬೇರೆ ಡೀಸೆಲ್ ಇಂಜಿನ್ ಕೂರಿಸೋಣ ಎಂದೆ.

"ಬ್ಯಾಡ" ಎಂದ ಅಣ್ಣ. "ಕುಂದ್ರಸ್ತಿ, ಓಡ್ತದ. ಖರೆ, ಆದ್ರ ಇದೇ ಜೀಪು ಆಗ್ತದೇನು?"

ನಾನು ಮತ್ತೆ ಮತ್ತೆ ಕೇಳಿದೆ. ಅವನು ಅದೇ ಮಾತು ಹೇಳಿದ.

ಜೀಪನ್ನು ಮೋರಖಂಡಿಗೆ ಎಳೆಸಿ ಅಂಗಳದ ಬೇವಿನ ಮರದಡಿ ನಿಲ್ಲಿಸಿದೆವು. ಅಣ್ಣ ದಿನವೂ ಬೆಳಿಗ್ಗೆ ಸ್ನಾನ ಮಾಡಿ ಚಾಲಕನ ಸೀಟಿನಲ್ಲಿ ಕೂರುತ್ತಿದ್ದ. ಆಗ ಆ ದಾರಿಗೆ ಬಸ್ಸುಗಳು ಹೆಚ್ಚಾದವು, ಅವನನ್ನು ಕೇಳಿಕೊಂಡು ಬರುವವರು ನಿಂತರು. ಮಾತೂ ಕಡಿಮೆಯಾಯಿತು. ನಾನು ಹಬ್ಬಕ್ಕೆ ಹೋದಾಗ, "ಗ್ಯಾರೇಜು ಹ್ಯಾಂಗ ನಡದದ?" ಎಂದು ಕೇಳುತ್ತಿದ್ದ, ಉತ್ತರ ಮುಗಿಯುವ ಮೊದಲೇ ರಸ್ತೆಯ ಕಡೆ ನೋಡುತ್ತಿದ್ದ.

ಮುಂದೆ ನಾನು ಗ್ಯಾರೇಜು ನಡೆಸಿದಷ್ಟು ಕಾಲವೂ ಹಬ್ಬದ ಗಾಡಿ ಬಂದರೆ ಮೊದಲು ಎಣ್ಣೆ ಮೀಟರಿನ ಗಾಜು ಒರೆಸುತ್ತಿದ್ದೆ. "ದೇವರ ವಿಭೂತಿ ಅದು, ಯಾಕ ಒರಸ್ತೀರಿ ಮೇಸ್ತ್ರಿ?" ಎಂದು ಚಾಲಕರು ಸಿಟ್ಟಾಗುತ್ತಿದ್ದರು. ಹಣೆಗೆ ಹಚ್ಚಿಕೊಳ್ಳಿರಿ, ಇದಕ್ಕೆ ಬೇಡ ಎನ್ನುತ್ತಿದ್ದೆ. ಹಳೆಯ ಗಾಡಿಗೆ ಒಳ್ಳೆಯ ಎಣ್ಣೆ ಎಂದರೆ ಅದರ ಸವೆತಕ್ಕೆ ಹೊಂದುವ ಎಣ್ಣೆ. ಅದೂ ಸವೆದುಹೋದ ಲೋಹವನ್ನು ಮರಳಿ ತರುವುದಿಲ್ಲ. ಇಷ್ಟನ್ನೇ ನಾನು ಈ ಕೆಲಸದಲ್ಲಿ ಕಲಿತದ್ದು.

ಅಣ್ಣ ಹೋದ ಶ್ರಾವಣದಲ್ಲಿ ತೀರಿಕೊಂಡ. ಜೀಪು ಬೇವಿನಡಿ ಹಾಗೇ ಇದೆ. ಅದರ ಇಂಜಿನ್ ಚಳಿಯಲ್ಲಿ ಹೇಗೆ ಕೆಮ್ಮುತ್ತಿತ್ತು, ಐವತ್ತು ನಂಬರು ಬಿದ್ದ ಮೇಲೆ ಅದರ ಸದ್ದು ಹೇಗೆ ತಗ್ಗುತ್ತಿತ್ತು, ಎಲ್ಲಾ ನನ್ನ ಕಿವಿಯಲ್ಲಿದೆ. ಅಣ್ಣ ಆಡಿದ ಮಾತುಗಳೂ ನೆನಪಿವೆ, ಇಲ್ಲಿ ಬರೆದಿದ್ದೇನೆ. ಅವನ ದನಿ ಮಾತ್ರ ನನಗೆ ಕೇಳಿಸುತ್ತಿಲ್ಲ.